ಆಡಿನ ಜಂತುಬಾಧೆ: ಔಷಧಿಗಿಂತ ಮೊದಲು ಒಗರು ಸೊಪ್ಪು

ಎಲ್ಲ ವಿದ್ಯೆಗೂ ಕೈಹಾಕುವವರನ್ನು ಕುರಿತು ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುವುದು ನಮ್ಮಲ್ಲಿ ರೂಢಿ. ಈ ಗಾದೆಯನ್ನು ಅದರ ನೇರ ಅರ್ಥದಲ್ಲಿಯೇ ತೆಗೆದುಕೊಂಡರೆ ಆಡು ಸಾಕುವವರಿಗೆ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಗಾದೆಯಲ್ಲಿ ಸೊಪ್ಪೆಂದಿದೆ, ಹುಲ್ಲೆಂದಿಲ್ಲ. ದನ ತಲೆ ತಗ್ಗಿಸಿ ಮೇಯುತ್ತದೆ. ಆಡು ತಲೆ ಎತ್ತಿ ಮೇಯುತ್ತದೆ. ಎಟುಕದಿದ್ದರೆ ಹಿಂಗಾಲುಗಳ ಮೇಲೆ ನಿಂತು ಕೊಂಬೆಯನ್ನು ಎಳೆದುಕೊಳ್ಳುತ್ತದೆ. ಇಂಥ ಪ್ರಾಣಿಯನ್ನು ನಾವು ಮಳೆಗಾಲದಲ್ಲಿ ಗದ್ದೆಯ ಬದುವಿನಲ್ಲಿ ಗೂಟಕ್ಕೆ ಕಟ್ಟಿ, ಒದ್ದೆಯಾದ ಗಿಡ್ಡ ಹುಲ್ಲನ್ನು ಬೇರಿನವರೆಗೆ ಮೇಯಿಸುತ್ತೇವೆ. ಶ್ರಾವಣದ ಹೊತ್ತಿಗೆ ಮರಿಗಳು ಸೊರಗುತ್ತವೆ, ಮೈಕೂದಲು ನಿಮಿರುತ್ತದೆ, ದವಡೆಯ ಕೆಳಗೆ ನೀರು ತುಂಬಿ ಜೋಲುತ್ತದೆ. ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಸತ್ತುಬಿದ್ದಿರುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಆಡಿನ ಜಂತುಬಾಧೆಗೆ ಮೊದಲ ಪರಿಹಾರವನ್ನು ಔಷಧಿ ಅಂಗಡಿಗಿಂತ ಮುಂಚೆ ಮೇವಿನಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಬೇಸಾಯಶಾಸ್ತ್ರದವನು, ರೋಗಕ್ಕೆ ಚಿಕಿತ್ಸೆ ಹೇಳಬೇಕಾದವರು ಪಶುವೈದ್ಯರು. ಆದರೆ ಈ ರೋಗ ಆಡಿನ ಹೊಟ್ಟೆ ಸೇರುವುದು ಮೇವಿನ ಜೊತೆಗೆ. ಮೇವನ್ನು ಬೆಳೆಯುವವರೂ ಕೊಯ್ಯುವವರೂ ಈ ವಿಷಯದಲ್ಲಿ ಯೋಚಿಸಬೇಕಾದದ್ದು ಬಹಳ ಇದೆ.

ರಕ್ತ ಹೀರುವ ಹುಳು

ಆಡಿನ ಜಠರ ಮತ್ತು ಕರುಳಿನಲ್ಲಿ ಹಲವು ಬಗೆಯ ದುಂಡು ಹುಳುಗಳು ಇರುತ್ತವೆ. ಅವುಗಳಲ್ಲಿ ಬೆಚ್ಚನೆಯ, ತೇವದ ಪ್ರದೇಶಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಹೀಮಾಂಕಸ್ ಎಂಬ ಹುಳು. ಇದು ಆಡಿನ ನಾಲ್ಕನೆಯ ಹೊಟ್ಟೆಯಲ್ಲಿ ನೆಲಸಿ ರಕ್ತ ಹೀರುತ್ತದೆ. ಹೆಣ್ಣು ಹುಳು ಸುಮಾರು ಒಂದು ಅಂಗುಲ ಉದ್ದ. ಕೆಂಪು ಮತ್ತು ಬಿಳಿಯ ಎರಡು ಎಳೆಗಳನ್ನು ಹೊಸೆದ ದಾರದಂತೆ ಕಾಣುತ್ತದೆ.

ಒಂದು ಹುಳು ದಿನಕ್ಕೆ ಹೀರುವ ರಕ್ತ ಸುಮಾರು 0.05 ಮಿಲಿ ಲೀಟರ್. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಮರಿಯ ಹೊಟ್ಟೆಯಲ್ಲಿ 1,000 ಹುಳುಗಳಿದ್ದರೆ ದಿನಕ್ಕೆ 50 ಮಿಲಿ ಲೀಟರ್ ಆಯಿತು. 10 ಕೆ.ಜಿ. ತೂಗುವ ಮರಿಯ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 700 ಮಿಲಿ ಲೀಟರ್. ಅಂದರೆ ಒಂದು ವಾರದಲ್ಲಿ ಮರಿಯು ತನ್ನ ರಕ್ತದ ಅರ್ಧದಷ್ಟನ್ನು ಹುಳುಗಳಿಗೆ ಕೊಡಬೇಕಾಗುತ್ತದೆ. ಮೈಯಲ್ಲಿ ಹೊಸ ರಕ್ತ ಉತ್ಪತ್ತಿಯಾಗುತ್ತಿದ್ದರೂ ಈ ವೇಗಕ್ಕೆ ಅದು ಸಾಲದು. ಭೇದಿ ಇಲ್ಲದೆಯೇ, ಮೇವು ತಿನ್ನುತ್ತಿರುವಾಗಲೇ ಮರಿ ಹಠಾತ್ತನೆ ಸಾಯುವುದಕ್ಕೆ ಇದೇ ಕಾರಣ.

ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ತೇವ ಮತ್ತು ಬೆಚ್ಚನೆಯ ಹವೆ ಇದ್ದರೆ ಒಂದು ವಾರದೊಳಗೆ ಅವು ಒಡೆದು, ಮರಿಹುಳುಗಳು ರೋಗ ತರುವ ಹಂತಕ್ಕೆ ಬೆಳೆಯುತ್ತವೆ. ಹುಲ್ಲಿನ ಮೇಲಿನ ನೀರಿನ ಪದರದಲ್ಲಿ ತೆವಳುತ್ತ ಗರಿಯನ್ನೇರಿ ಕಾಯುತ್ತವೆ. ಆಡು ಆ ಹುಲ್ಲನ್ನು ತಿಂದ ಸುಮಾರು ಮೂರು ವಾರಗಳಲ್ಲಿ ಅದರ ಹಿಕ್ಕೆಯಲ್ಲಿ ಹೊಸ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ.

ಬಯಲುಸೀಮೆಯಲ್ಲಿ ಬಿಸಿಲೇ ಅರ್ಧ ಔಷಧಿ. ಒಣಗಿದ ನೆಲದಲ್ಲಿ ಮರಿಹುಳು ಬಹುಕಾಲ ಬದುಕಲಾರದು. ನಮ್ಮ ಸೀಮೆಯ ಸ್ಥಿತಿ ಬೇರೆ. ಹುಲಗೋಳ ಮೊದಲಾದ ಊರುಗಳಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ನೆಲ ಆರುವುದಿಲ್ಲ. ತೋಟದ ತಗ್ಗಿನಲ್ಲಿ ಅದರ ಮೇಲೂ ತಿಂಗಳುಗಟ್ಟಲೆ ತೇವವಿರುತ್ತದೆ. ಆದುದರಿಂದ ಬಯಲುಸೀಮೆಯ ಕುರಿಗಾರರ ಪದ್ಧತಿಯನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ನಷ್ಟ ತಪ್ಪದು.

ಔಷಧಿಯೊಂದನ್ನೇ ನಂಬಿದರೆ

ಜಂತುನಾಶಕಗಳು ಬಂದ ಮೇಲೆ ಆಡು, ಕುರಿಗಳ ಸಾವು ಕಡಿಮೆಯಾದದ್ದು ನಿಜ. ಆದರೆ ಮೂರು ತಿಂಗಳಿಗೊಮ್ಮೆ ಮಂದೆಗೆಲ್ಲ ಔಷಧಿ ಕುಡಿಸಿಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಈಗ ಎಲ್ಲೆಡೆ ಬೇರೂರಿದೆ. ಅದು ಒಳ್ಳೆಯದಲ್ಲ.

ಥಯಾಬೆಂಡಜೋಲ್ ಎಂಬ ಔಷಧಿ 1961ರಲ್ಲಿ ಬಳಕೆಗೆ ಬಂದಿತು. 1964ರಲ್ಲಿಯೇ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಅದಕ್ಕೆ ಜಗ್ಗದ ಹೀಮಾಂಕಸ್ ಹುಳುಗಳ ವರದಿಯಾಯಿತು. ಅದೇ ಗುಂಪಿಗೆ ಸೇರಿದ ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್, ಆಮೇಲೆ ಬಂದ ಐವರ್‌ಮೆಕ್ಟಿನ್, ಇವೆಲ್ಲಕ್ಕೂ ನಿರೋಧ ಬೆಳೆಸಿಕೊಂಡ ಹುಳುಗಳು ಇಂದು ಹಲವು ದೇಶಗಳಲ್ಲಿವೆ; ಭಾರತವೂ ಇದಕ್ಕೆ ಹೊರತಲ್ಲ. ಆಡಿನ ದೇಹ ಔಷಧಿಯನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಪ್ರಮಾಣದಲ್ಲಿಯೇ ಆಡಿಗೆ ಕೊಟ್ಟರೆ ಹುಳುಗಳಲ್ಲಿ ಗಟ್ಟಿಯಾದವು ಉಳಿದುಬಿಡುತ್ತವೆ. ಪ್ರಮಾಣವನ್ನು ತೂಕ ನೋಡಿ ಪಶುವೈದ್ಯರೇ ನಿಗದಿ ಮಾಡಬೇಕೆಂದು ಹೇಳುವುದು ಇದರಿಂದಲೇ.

ಇಲ್ಲಿ ನಡೆಯುವುದೇನೆಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ ಬಿತ್ತನೆಗೆ ಇಡುವಂತೆ, ಪ್ರತಿ ಸಲ ಮಂದೆಗೆಲ್ಲ ಔಷಧಿ ಕುಡಿಸಿದಾಗಲೂ ಔಷಧಿಗೆ ಸಾಯದ ಹುಳುಗಳನ್ನು ನಾವೇ ಆರಿಸಿ ನೆಲಕ್ಕೆ ಬಿತ್ತುತ್ತೇವೆ. ಮಂದೆಯಲ್ಲಿ ಶೇಕಡಾ 20ರಿಂದ 30ರಷ್ಟು ಆಡುಗಳ ಹೊಟ್ಟೆಯಲ್ಲಿಯೇ ಒಟ್ಟು ಹುಳುಗಳ ಶೇಕಡಾ 80ರಷ್ಟು ಇರುತ್ತವೆ. ಉಳಿದ ಆಡುಗಳು ಸ್ವಲ್ಪ ಹುಳುವಿದ್ದರೂ ತಾಳಿಕೊಳ್ಳುತ್ತವೆ. ಅವುಗಳಿಗೆ ಔಷಧಿ ಕೊಡದೆ ಬಿಟ್ಟರೆ, ಔಷಧಿಗೆ ಬಗ್ಗುವ ಹುಳುಗಳ ಸಂತತಿ ನೆಲದಲ್ಲಿ ಉಳಿದು, ಬಗ್ಗದ ಹುಳುಗಳ ಜೊತೆ ಬೆರೆತು, ಔಷಧಿಯ ಆಯುಷ್ಯ ಹೆಚ್ಚುತ್ತದೆ.

ಔಷಧಿ ಬೇಕಾದ ಆಡು ಯಾವುದೆಂದು ತಿಳಿಯಲು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಫಮಾಚ ಎಂಬ ಸುಲಭ ಕ್ರಮವನ್ನು ರೂಪಿಸಿದ್ದಾರೆ. ಕೆಳಗಿನ ಕಣ್ಣರೆಪ್ಪೆಯನ್ನು ಮೆಲ್ಲನೆ ಎಳೆದು ಒಳಭಾಗದ ಬಣ್ಣವನ್ನು ಐದು ಬಣ್ಣಗಳ ಪಟದೊಡನೆ ಹೋಲಿಸಬೇಕು. ಕೆಂಪಾಗಿದ್ದರೆ ಭಯವಿಲ್ಲ, ಬಿಳಿಚಿಕೊಂಡು ನಾಲ್ಕು ಅಥವಾ ಐದನೆಯ ಬಣ್ಣಕ್ಕೆ ಬಂದಿದ್ದರೆ ಕೂಡಲೇ ಔಷಧಿ ಬೇಕು. ಮರಿ, ಗಬ್ಬದ ಆಡು ಮತ್ತು ಹಾಲೂಡುವ ಆಡುಗಳು ಮೂರನೆಯ ಬಣ್ಣದಲ್ಲಿದ್ದರೂ ಔಷಧಿ ಕೊಡುವುದು ಕ್ಷೇಮ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಈ ಪರೀಕ್ಷೆ ಮಾಡುವುದು ಯಾವ ಮನೆಯಲ್ಲಾದರೂ ಸಾಧ್ಯ.

ಮೇವಿನ ಎತ್ತರ

ಮರಿಹುಳುಗಳಲ್ಲಿ ಹೆಚ್ಚಿನವು ನೆಲದಿಂದ ಮೂರು ನಾಲ್ಕು ಅಂಗುಲದ ಒಳಗೇ ಇರುತ್ತವೆ. ಅದಕ್ಕಿಂತ ಮೇಲೆ ಹೋದಂತೆ ಅವುಗಳ ಸಂಖ್ಯೆ ಕಡಿಮೆಯಾಗುತ್ತದೆ. ಆಡಿನ ಮೊಣಕಾಲಿಗಿಂತ ಮೇಲಿರುವ ಮೇವಿನಲ್ಲಿ ಅಪಾಯ ಬಹಳ ಸ್ವಲ್ಪ. ಮರದಿಂದ ಕಡಿದ ಕೊಂಬೆಯಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಆದುದರಿಂದ ಸೊಪ್ಪು ಯಾವ ಜಾತಿಯದೆಂಬ ಪ್ರಶ್ನೆಗಿಂತ ಮುಂಚೆ, ಅದನ್ನು ಯಾವ ಎತ್ತರದಲ್ಲಿ ಕೊಡುತ್ತೇವೆಂಬ ಪ್ರಶ್ನೆ ಬರುತ್ತದೆ.

ನಮ್ಮ ಊರುಗಳಲ್ಲಿ ಅಡಿಕೆ ದಬ್ಬೆಗೆ ಕೊರತೆಯಿಲ್ಲ. ಕೊಟ್ಟಿಗೆಯ ಒಂದು ಬದಿಗೆ ದಬ್ಬೆಯ ಗೊಂದಣಿಗೆಯನ್ನು ಆಡಿನ ಮುಖದ ಎತ್ತರಕ್ಕೆ ಕಟ್ಟಿ ಅದರೊಳಗೆ ಸೊಪ್ಪು ತುಂಬಬೇಕು; ಇಲ್ಲವೆ ಕೊಂಬೆಗಳನ್ನು ಕಟ್ಟಾಗಿ ತೂಗುಹಾಕಬೇಕು. ನೆಲಕ್ಕೆ ಹಾಕಿದ ಸೊಪ್ಪನ್ನು ಆಡು ತುಳಿದು, ಅದರ ಮೇಲೆ ಹಿಕ್ಕೆ ಹಾಕಿ, ಮತ್ತೆ ಅದನ್ನೇ ತಿನ್ನುತ್ತದೆ. ಕೊಟ್ಟಿಗೆಯ ನೆಲವನ್ನೂ ಎರಡು ಮೂರು ಅಡಿ ಎತ್ತರಿಸಿ, ಸಂದುಬಿಟ್ಟು ದಬ್ಬೆ ಹಾಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಆಡು ಒಣಗಿದ ಜಾಗದಲ್ಲಿ ಮಲಗುತ್ತದೆ.

ಮೇಯಲು ಬಿಡಲೇಬೇಕಾದಾಗ ಇಬ್ಬನಿ ಆರಿದ ಮೇಲೆ ಬಿಡಬೇಕು. ಒಂದೇ ಜಾಗದಲ್ಲಿ ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಮೇಯಿಸದೆ, ಆ ಜಾಗವನ್ನು ಐದಾರು ವಾರ ಬಿಡುವು ಕೊಡಬೇಕು. ಮಳೆ ಹೆಚ್ಚಿರುವ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ 1990ರ ದಶಕದ ಆರಂಭದಲ್ಲಿ ಆಡುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇಂಥ ಸರದಿ ಮೇವಿನಿಂದ ಹಿಕ್ಕೆಯಲ್ಲಿನ ಮೊಟ್ಟೆಗಳ ಸಂಖ್ಯೆ ಗಣನೀಯವಾಗಿ ತಗ್ಗಿತು. ಬೆಚ್ಚನೆಯ ತೇವದಲ್ಲಿ ಮರಿಹುಳು ಬೇಗ ಹುಟ್ಟುವಂತೆಯೇ, ಚುರುಕಾಗಿ ಓಡಾಡಿ, ಕೂಡಿಟ್ಟ ಶಕ್ತಿ ಕಳೆದುಕೊಂಡು ಬೇಗ ಸಾಯುತ್ತದೆ. ಆಡು ಆ ಅವಧಿಯಲ್ಲಿ ಅಲ್ಲಿಗೆ ಹೋಗದಿದ್ದರೆ ಸಾಕು.

ಇನ್ನೊಂದು ಮಾತು ತೋಟದ ಹುಲ್ಲಿಗೆ ಸಂಬಂಧಿಸಿದ್ದು. ಹಸಿ ಹಿಕ್ಕೆಯನ್ನು ಅಡಿಕೆ ಮರದ ಬುಡಕ್ಕೆ ಹಾಕಿ, ಕೆಲವು ದಿನಗಳ ತರುವಾಯ ಅದೇ ತೋಟದ ಹುಲ್ಲನ್ನು ಬುಡಮಟ್ಟ ಕೊಯ್ದು ಆಡಿಗೆ ತಂದು ಹಾಕಿದರೆ ಹುಳುವನ್ನು ಬುಟ್ಟಿಯಲ್ಲಿ ಹೊತ್ತು ತಂದಂತೆಯೇ. ಹಿಕ್ಕೆಯನ್ನು ಗುಂಡಿಯಲ್ಲಿ ರಾಶಿಹಾಕಿ ಬಿಸಿಯೇರಿ ಕಳಿಯಲು ಬಿಟ್ಟರೆ ಮೊಟ್ಟೆಗಳು ಸಾಯುತ್ತವೆ. ಗೊಬ್ಬರದ ಗುಣವೂ ಹೆಚ್ಚುತ್ತದೆ.

ಒಗರಿನ ಗುಣ

ಈಗ ಸೊಪ್ಪಿನ ಒಳಗುಣಕ್ಕೆ ಬರೋಣ. ಕೆಲವು ಎಲೆಗಳನ್ನು ಅಗಿದರೆ ನಾಲಿಗೆ ಒಣಗಿ ಜಗ್ಗಿದಂತಾಗುತ್ತದೆ. ಅದು ಟ್ಯಾನಿನ್ ಎಂಬ ವಸ್ತುವಿನ ಕೆಲಸ. ಅಡಿಕೆ ಬೇಯಿಸಿದಾಗ ಬರುವ ಚೊಗರನ್ನು ಬಲ್ಲ ನಮ್ಮ ಜನಕ್ಕೆ ಟ್ಯಾನಿನ್ ಹೊಸತಲ್ಲ. ಈ ವಸ್ತು ಮೇವಿನ ಸಸಾರಜನಕಕ್ಕೆ ಅಂಟಿಕೊಂಡು ಮೊದಲ ಹೊಟ್ಟೆಯಲ್ಲಿ ಅದು ಕೊಳೆಯದಂತೆ ತಡೆಯುತ್ತದೆ. ಮುಂದೆ ನಾಲ್ಕನೆಯ ಹೊಟ್ಟೆಯಲ್ಲಿ ಬಿಡುಗಡೆಯಾದ ಸಸಾರಜನಕ ಆಡಿಗೆ ದಕ್ಕುತ್ತದೆ. ಹುಳುವಿನಿಂದ ರಕ್ತ ಕಳೆದುಕೊಂಡ ಪ್ರಾಣಿಗೆ ಬೇಕಾದದ್ದು ಇದೇ. ಇದಲ್ಲದೆ ಟ್ಯಾನಿನ್ ಹುಳುವಿನ ಮೇಲೆ ನೇರವಾಗಿಯೂ ಪರಿಣಾಮ ಮಾಡುತ್ತದೆ. ಮೇವಿನೊಡನೆ ಬಂದ ಮರಿಹುಳುಗಳಲ್ಲಿ ಹಲವು ಹೊಟ್ಟೆಯ ಗೋಡೆಯಲ್ಲಿ ನೆಲೆಯೂರಲಾರವು. ಹೆಣ್ಣು ಹುಳು ಇಡುವ ಮೊಟ್ಟೆಗಳೂ ಕಡಿಮೆಯಾಗುತ್ತವೆ.

ಅಮೆರಿಕದ ಜಾರ್ಜಿಯಾ ಮುಂತಾದ ರಾಜ್ಯಗಳಲ್ಲಿ ಸೆರಿಸಿಯಾ ಲೆಸ್ಪೆಡೀಜಾ ಎಂಬ ಒಗರಾದ ದ್ವಿದಳ ಮೇವನ್ನು ಆಡುಗಳಿಗೆ ತಿನ್ನಿಸಿ 2000ದ ಬಳಿಕ ಅನೇಕ ಪ್ರಯೋಗಗಳು ನಡೆದಿವೆ. ಹಸಿಯಾಗಿ ಮೇಯಿಸಿದಾಗಲೂ, ಒಣಗಿಸಿ ಕೊಟ್ಟಾಗಲೂ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಇಳಿದವು. ನಮ್ಮ ದೇಶದಲ್ಲಿ ಇಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಸರಿ ಮತ್ತು ಪೇರಲ ಮರಗಳ ಒಣ ಎಲೆಯ ಪುಡಿಯನ್ನು ಬೆರೆಸಿ, ಹೀಮಾಂಕಸ್ ಸೋಂಕಿದ ಕುರಿಗಳಿಗೆ ತಿನ್ನಿಸಿ ಅನುಕೂಲ ಪರಿಣಾಮ ಪಡೆದಿದ್ದಾರೆ. ಬಸರಿಯಾಗಲಿ ಪೇರಲವಾಗಲಿ ನಮಗೆ ಅಪರೂಪದ ಮರಗಳಲ್ಲ.

ಯಾವ ಸೊಪ್ಪು, ಎಷ್ಟು

ನಮ್ಮ ಭಾಗಕ್ಕೆ ನಾನು ಮೊದಲು ಸೂಚಿಸುವುದು ಹಲಸು. ವರ್ಷವಿಡೀ ಹಸಿರಾಗಿರುವ ಮರ. ಮಳೆಗಾಲದಲ್ಲಿಯೂ ಸೊಪ್ಪು ಸಿಗುತ್ತದೆ. ಎಲೆಯಲ್ಲಿ ಒಗರೂ ಉಂಟು. ಆಡಿಗಂತೂ ಅತಿ ಪ್ರಿಯ. ಅದರೊಡನೆ ಪೇರಲ, ಬಸರಿ, ಅತ್ತಿ, ನೇರಳೆ, ಮಾವು ಇವುಗಳನ್ನು ಬದಲಿಸಿ ಬದಲಿಸಿ ಕೊಡಬಹುದು. ಬೇಲಿಯ ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಸಸಾರಜನಕ ಹೇರಳವಾಗಿದೆ. ಒಂದು ದಿನ ಬಾಡಿಸಿ ಕೊಟ್ಟರೆ ಆಡು ಇಷ್ಟಪಟ್ಟು ತಿನ್ನುತ್ತದೆ. ಬೇವು ನಮ್ಮ ಮಳೆಗೆ ಚೆನ್ನಾಗಿ ಬಾರದು; ಅದರ ಎಲೆಯಿಂದ ಹುಳು ಸಾಯುತ್ತದೆಯೇ ಎಂಬ ಪ್ರಯೋಗಗಳ ಫಲವೂ ಒಂದೇ ತೆರನಾಗಿಲ್ಲ. ಆದುದರಿಂದ ಅದಕ್ಕಾಗಿ ಹಂಬಲಿಸಬೇಕಾಗಿಲ್ಲ.

20 ಕೆ.ಜಿ. ತೂಕದ ಆಡು ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 600ರಿಂದ 800 ಗ್ರಾಂ, ಅಂದರೆ ಎರಡರಿಂದ ಮೂರು ಕೆ.ಜಿ. ಹಸಿ ಸೊಪ್ಪು ತಿನ್ನುತ್ತದೆ. ಇದರಲ್ಲಿ ಮೂರನೆಯ ಒಂದು ಪಾಲು ಒಗರು ಸೊಪ್ಪಾಗಿದ್ದರೆ ಸಾಕು, ಅರ್ಧವನ್ನು ಮೀರಬಾರದು. ಇಡೀ ಮೇವಿನ ಒಣ ತೂಕದಲ್ಲಿ ಟ್ಯಾನಿನ್ ಶೇಕಡಾ 2ರಿಂದ 4ರಷ್ಟಿದ್ದರೆ ಲಾಭ. ಶೇಕಡಾ 6ನ್ನು ದಾಟಿದರೆ ಆಡು ಮೇವು ಕಡಿಮೆ ಮಾಡುತ್ತದೆ, ತಿಂದದ್ದೂ ಅರಗುವುದಿಲ್ಲ. ಒಗರು ಒಳ್ಳೆಯದೆಂದು ಚೊಗರನ್ನು ಕುಡಿಸುವುದಾಗಲಿ, ಅಡಿಕೆಯನ್ನು ಅರೆದು ಹಾಕುವುದಾಗಲಿ ಸರ್ವಥಾ ಕೂಡದು. ಅಡಿಕೆಯಲ್ಲಿನ ಅರೆಕೋಲಿನ್ ತೀಕ್ಷ್ಣವಾದ ವಸ್ತು. ಹಿಂದೆ ಅದನ್ನು ನಾಯಿಗಳ ಲಾಡಿಹುಳುವಿಗೆ ಬಳಸುತ್ತಿದ್ದರೆಂದ ಮಾತ್ರಕ್ಕೆ ಆಡಿಗೆ ಆಗುತ್ತದೆಂದು ತಿಳಿಯಬಾರದು.

ಆಡು ಈಯುವ ಸಮಯದಲ್ಲಿ ಅದರ ನಿರೋಧ ಶಕ್ತಿ ಕುಂದಿ ಹಿಕ್ಕೆಯಲ್ಲಿ ಮೊಟ್ಟೆಗಳು ಏರುತ್ತವೆ. ಅದೇ ಹುಳು ಮರಿಗೆ ದಾಟುತ್ತದೆ. ಈಯುವ ಎರಡು ವಾರ ಮುಂಚಿನಿಂದ ಈದ ಆರು ವಾರಗಳವರೆಗೆ ಸೊಪ್ಪು, ಹಿಂಡಿ ಎರಡನ್ನೂ ಕಡಿಮೆ ಮಾಡಬಾರದು. ಮಳೆಗಾಲದಲ್ಲಿ ಕೊಂಬೆ ತರಲು ಕಷ್ಟವಾಗುವವರು ಬೇಸಿಗೆಯಲ್ಲಿಯೇ ಹಲಸು, ಪೇರಲ ಎಲೆಗಳನ್ನು ನೆರಳಲ್ಲಿ ಒಣಗಿಸಿ ಚೀಲ ಕಟ್ಟಿ ಅಟ್ಟದಲ್ಲಿಡಬಹುದು.

ಒಗರು ಸೊಪ್ಪು ಹುಳುವಿನ ಹೊರೆಯನ್ನು ತಗ್ಗಿಸುತ್ತದೆಯೇ ಹೊರತು ನಿರ್ಮೂಲ ಮಾಡುವುದಿಲ್ಲ ಎಂಬುದನ್ನು ಮರೆಯಬಾರದು. ಸೊಪ್ಪು ನಿಲ್ಲಿಸಿದರೆ ಪರಿಣಾಮವೂ ನಿಲ್ಲುತ್ತದೆ. ಕಣ್ಣು ಬಿಳಿಚಿಕೊಂಡ, ದವಡೆ ಊದಿದ ಆಡಿಗೆ ಸೊಪ್ಪು ಹಾಕಿ ಕಾಯುತ್ತ ಕೂಡುವುದು ಅದನ್ನು ಕೊಂದಂತೆ. ಗದ್ದೆಯ ಬಸವನಹುಳುವಿನಿಂದ ಹರಡುವ ಯಕೃತ್ತಿನ ಚಪ್ಪಟೆ ಹುಳುವಿಗೂ ಸೊಪ್ಪನ್ನು ನಂಬುವಂತಿಲ್ಲ. ಅದರಿಂದಲೂ ರಕ್ತ ಕುಂದುತ್ತದೆ, ದವಡೆ ಊದುತ್ತದೆ. ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಯಾವ ಹುಳುವೆಂದು ತಿಳಿಯುತ್ತದೆ. ಔಷಧಿ ಕೊಟ್ಟ 10ರಿಂದ 14 ದಿನಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿದರೆ ಆ ಔಷಧಿ ಇನ್ನೂ ಕೆಲಸ ಮಾಡುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ಸಂತೆಯಿಂದ ತಂದ ಆಡನ್ನು ಈ ಪರೀಕ್ಷೆಯಾಗುವವರೆಗೆ ಮಂದೆಗೆ ಸೇರಿಸಬಾರದು. ಔಷಧಿಗೆ ಬಗ್ಗದ ಹುಳು ಬರುವುದು ಹೆಚ್ಚಾಗಿ ಹೊಸ ಆಡಿನ ಹೊಟ್ಟೆಯಲ್ಲಿಯೇ.

ಬೆಟ್ಟ ಒಬ್ಬರದು, ಆಡು ಇನ್ನೊಬ್ಬರದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ: ಸೊಪ್ಪು ಎಲ್ಲಿಂದ ತರುವುದು? ಮುಂಬಯಿ ಆಡಳಿತದ ಕಾಲದಿಂದ ಬಂದ ಪದ್ಧತಿಯಂತೆ ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವುಂಟು. ಅಲ್ಲಿನ ಸೊಪ್ಪೂ ದರಕೂ ತೋಟದ ಗೊಬ್ಬರಕ್ಕಾಗಿ. ಆದರೆ ತೋಟವಿದ್ದವರಲ್ಲಿ ಆಡು ಸಾಕುವವರು ಕಡಿಮೆ. ಆಡು ಇರುವುದು ಹೆಚ್ಚಾಗಿ ತುಂಡು ಗದ್ದೆಯವರ ಹಾಗೂ ಕೂಲಿಯಿಂದ ಬದುಕುವವರ ಮನೆಯಲ್ಲಿ. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ, ಶಾಲೆಯ ಫೀಜಿಗೆ ಅವರು ನಂಬಿರುವ ಗಂಟು ಅದೇ. ಮಳೆಗಾಲದಲ್ಲಿ ಎರಡು ಮರಿ ಸತ್ತರೆ ಅವರಿಗಾಗುವ ನಷ್ಟ ತೋಟಕ್ಕೆ ಕೊಳೆರೋಗ ಬಂದದ್ದಕ್ಕಿಂತ ಸಣ್ಣದಲ್ಲ. ಬೆಟ್ಟವಿಲ್ಲದ ಅವರ ಆಡು ರಸ್ತೆಯ ಬದಿಯ ಗಿಡ್ಡ ಹುಲ್ಲಿಗೇ ಬಾಯಿ ಹಾಕಬೇಕಾಗುತ್ತದೆ.

ಆಡನ್ನು ಕಾಡಿನ ವೈರಿಯೆಂದು ಹೇಳುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಬಿಟ್ಟು ಮೇಯಿಸಿದ ಆಡು ಎಳೆಯ ಸಸಿಯ ಕುಡಿಯನ್ನೇ ಮೊದಲು ತಿನ್ನುತ್ತದೆ. ಅದಕ್ಕಾಗಿಯೇ ನಾನು ಹೇಳುವುದು, ಆಡು ಬೆಟ್ಟಕ್ಕೆ ಹೋಗುವುದು ಬೇಡ, ಸೊಪ್ಪು ಆಡಿನ ಬಳಿಗೆ ಬರಲಿ. ಇದರಿಂದ ಸಸಿಯೂ ಉಳಿಯುತ್ತದೆ, ಆಡೂ ಹುಳುವಿನಿಂದ ದೂರ ಉಳಿಯುತ್ತದೆ. ತೋಟದವರು ಬೆಟ್ಟದ ನಿಯಮಗಳ ಮಿತಿಯಲ್ಲಿ ನೆರೆಯ ಆಡು ಸಾಕುವವರಿಗೆ ಸೊಪ್ಪು ಕೊಟ್ಟು, ಬದಲಿಗೆ ಕಳಿತ ಆಡಿನ ಗೊಬ್ಬರವನ್ನು ಪಡೆಯುವ ಒಡಂಬಡಿಕೆ ಊರೂರಿನಲ್ಲಿ ಏಕಾಗಬಾರದು? ಬೆಟ್ಟದ ಸೊಪ್ಪು ಕೊನೆಗೆ ಸೇರುವುದು ಅದೇ ತೋಟವನ್ನೇ. ನಡುವೆ ಒಂದು ಆಡು ಬದುಕಿಕೊಳ್ಳುತ್ತದೆ. ಗೊಬ್ಬರವನ್ನು ಹೊರಗಿನಿಂದ ಲಾರಿಯಲ್ಲಿ ತರಿಸಿಕೊಳ್ಳುವ ತೋಟದವರಿಗೆ ಇದರ ಲೆಕ್ಕ ತಾನಾಗಿ ತಿಳಿದೀತು.

ಸೊಪ್ಪು ಕಡಿಯುವಾಗ ಮರದ ಮೇಲಿನ ಮೂರನೆಯ ಒಂದು ಭಾಗವನ್ನು ಮುಟ್ಟಬಾರದು. ಒಂದೇ ಮರವನ್ನು ವರ್ಷಕ್ಕೆ ಎರಡು ಸಲ ಬೋಳಿಸಬಾರದು. ಬೆಟ್ಟದಲ್ಲಿ ಖಾಲಿ ಬಿದ್ದ ಜಾಗಗಳಿಗೆ ಅಕೇಶಿಯಾವನ್ನೇ ತುಂಬುವ ಬದಲು ಹಲಸು, ನೇರಳೆ, ಅತ್ತಿ, ಬಸರಿಗಳನ್ನು ನೆಡಬೇಕು. ಬೆಟ್ಟವಿಲ್ಲದವರು ಹಿತ್ತಲಿನ ಬೇಲಿಗೆ ಗ್ಲಿರಿಸಿಡಿಯಾ, ಮೂಲೆಗೆ ಎರಡು ಪೇರಲ, ಒಂದು ಹಲಸು ಹಾಕಿದರೆ ಕೆಲವೇ ವರ್ಷಗಳಲ್ಲಿ ಒಂದೆರಡು ಆಡಿನ ಮಳೆಗಾಲದ ಚಿಂತೆ ಬಹುಮಟ್ಟಿಗೆ ಹಗುರಾಗುತ್ತದೆ. ಬಡವರಿಗೆ ಆಡು ಹಂಚುವ ಯೋಜನೆಗಳನ್ನು ನಡೆಸುವವರು ಆಡಿನ ಜೊತೆಗೆ ಐದು ಮೇವಿನ ಸಸಿಗಳನ್ನೂ ಒಂದು ಕಣ್ಣರೆಪ್ಪೆಯ ಬಣ್ಣದ ಪಟವನ್ನೂ ಕೊಡಬೇಕು. ಮೇವಿನ ಏರ್ಪಾಡಿಲ್ಲದೆ ಕೊಟ್ಟ ಆಡು ಮೊದಲ ಮಳೆಗಾಲವನ್ನು ದಾಟುವುದು ಅದೃಷ್ಟದ ಮಾತಾಗುತ್ತದೆ. ಯಾವ ಸೊಪ್ಪಿನಲ್ಲಿ ಎಷ್ಟು ಟ್ಯಾನಿನ್ ಇದೆ, ನಮ್ಮ ಮಳೆಯಲ್ಲಿ ಅದು ಎಷ್ಟು ಫಲ ಕೊಡುತ್ತದೆ ಎಂಬುದನ್ನು ಶಿರಸಿಯ ಅರಣ್ಯ ಮಹಾವಿದ್ಯಾಲಯದವರು, ಪಶುವೈದ್ಯರು ಮತ್ತು ನಾವು ಒಂದಾಗಿ ರೈತರ ಕೊಟ್ಟಿಗೆಯಲ್ಲಿಯೇ ಅಳೆದು ನೋಡಬೇಕಾಗಿದೆ.

ರೈತ ಬಾಂಧವರು ಅದಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಮಳೆ ಹಿಡಿಯುವ ಮೊದಲು ಕೊಟ್ಟಿಗೆಗೆ ದಬ್ಬೆಯ ಗೊಂದಣಿಗೆ ಕಟ್ಟಿ, ಸಮೀಪದ ಹಲಸಿನ ಮರಗಳನ್ನು ಎಣಿಸಿಟ್ಟುಕೊಂಡು, ಎರಡು ವಾರಕ್ಕೊಮ್ಮೆ ಆಡಿನ ಕಣ್ಣರೆಪ್ಪೆ ನೋಡುವ ಅಭ್ಯಾಸವನ್ನು ಈಗಲೇ ಆರಂಭಿಸಲಿ.